ಉಚ್ಚೀರಪ್ಪನ ಹಳೇ ಲಾರಿ

ಆದೋನಿಯ ಚಂದ್ರಣ್ಣ ಸಾವಕಾರರ ಹತ್ತಿ ಮಿಲ್ಲಿನ ಅಂಗಳದಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ಹೊಸ ಲಾರಿಯೊಂದು ಬಂದು ನಿಂತದ್ದೇ ಉಚ್ಚೀರಪ್ಪನ ನೆಮ್ಮದಿ ಕೆಡಿಸಿತು. ಹದಿನಾಲ್ಕು ವರ್ಷದಿಂದ ಒಂದೇ ಲಾರಿ ಓಡಿಸುತ್ತಿದ್ದ ಅವನಿಗೆ, ಸೊಂಟಕ್ಕೆ ಚುಚ್ಚದ ಸೀಟಿನ ಮೇಲೆ ಒಮ್ಮೆಯಾದರೂ ಕೂರಬೇಕೆಂಬ ಆಸೆ. ಮಿಲ್ಲಿಗಿದ್ದದ್ದು ಇಬ್ಬರೇ ಡ್ರೈವರು.

“ಇಬ್ರೂ ಪತ್ತಿಕೊಂಡಕ್ಕ ಹೋಗಿ ಹತ್ತಿ ತರ್ರಿ. ಹೊಸ ಗಾಡಿ ಕೀಲಿ ಯಾರಿಗಂತ ಸಂಜಿಗೆ ಹೇಳ್ತೀನಿ,” ಎಂದಿದ್ದರು ಸಾವಕಾರರು. ಮೊದಲು ಬಂದವನಿಗೇ ಕೀಲಿ ಅನ್ನುವುದನ್ನು ಗೇಟಿನ ಮುಂದೆ ಚಹಾ ಮಾರುವ ಹೂವಮ್ಮ ತಾನಾಗಿ ಸೇರಿಸಿದಳು.

ಇನ್ನೊಬ್ಬ ಡ್ರೈವರು ಲಕ್ಷ್ಮಿಕಾಂತ್ ತನ್ನ ಆರು ವರ್ಷದ ಲಾರಿಗೆ ಹೊಸ ನಿಂಬೆಹಣ್ಣು ಕಟ್ಟಿ, ಹಾರ್ನ್ ಹೊಡೆದು ಹೊರಟೇಬಿಟ್ಟ. ಉಚ್ಚೀರಪ್ಪ ಮಾತ್ರ ದಿನದಂತೆ ರಾಡು ಹಿಡಿದು ಒಂದೊಂದೇ ಟೈರು ಬಡಿದು ಸದ್ದು ಕೇಳಿದ. ನಟ್ಟು ಬಿಗಿ ಮಾಡಿದ, ಆಯಿಲ್ ನೋಡಿದ, ಬ್ರೇಕ್ ಒತ್ತಿ ಒತ್ತಿ ನೋಡಿದ.

“ಅವ ಆಗ್ಲೇ ಆಸ್ಪರಿ ಮುಟ್ಟಿರ್ತಾನ. ನೀ ಇನ್ನೂ ಟೈರಿಗೆ ಮದ್ದಲಿ ಬಾರಿಸ್ಕೋತ ಕುಂತೀಯಲ್ಲಪ್ಪಾ,” ಎಂದಳು ಹೂವಮ್ಮ.

“ನೋಡ್ದಂಗ ಹೆಂಗ ಹೋಗ್ಲವ್ವಾ? ರಸ್ತಿ ಮ್ಯಾಲ ಮಂದಿ ಮಕ್ಳು ಇರ್ತಾರ.”

ನಗುವವರು ನಗಲಿ, ಹದಿನಾಲ್ಕು ವರ್ಷದಲ್ಲಿ ಅವನ ಲಾರಿಗೆ ಒಂದು ಕೋಳಿಮರಿ ಕೂಡ ಸಿಕ್ಕಿರಲಿಲ್ಲ. ಅಂಥ ಡ್ರೈವರು ಆದೋನಿಯಲ್ಲಿ ಇನ್ನೊಬ್ಬನನ್ನು ತೋರಿಸಿ ನೋಡೋಣ.

ಅವನು ಹೊರಟು ಆಸ್ಪರಿಯ ಹತ್ತಿರ ಬಂದರೆ, ತಿರುವಿನಲ್ಲೇ ಲಕ್ಷ್ಮಿಕಾಂತನ ಲಾರಿ ಹೊಗೆ ಬಿಡುತ್ತ ನಿಂತಿತ್ತು. ರೇಡಿಯೇಟರಿನಲ್ಲಿ ನೀರಿಲ್ಲ, ಎಂಜಿನ್ನು ಜಾಮು. ನಿಂಬೆಹಣ್ಣು ಮಾತ್ರ ಚೆನ್ನಾಗಿತ್ತು.

“ಅಣ್ಣಾ, ಬಿಟ್ಟು ಹೋಗಬ್ಯಾಡೋ,” ಎಂದ ಲಕ್ಷ್ಮಿಕಾಂತ್.

ಮುಂದೆ ಹೋದರೆ ಕೀಲಿ ತನ್ನದೇ ಎಂದು ಉಚ್ಚೀರಪ್ಪನಿಗೆ ಗೊತ್ತಿತ್ತು. ಆದರೆ ತಿರುವಿನಲ್ಲಿ ನಿಂತ ಲಾರಿಗೆ ಯಾರಾದರೂ ಬಂದು ಗುದ್ದಿದರೆ? ಗೊಣಗುತ್ತಲೇ ಹಗ್ಗ ಬಿಗಿದು, ಹತ್ತಿ ತರುವುದನ್ನು ಬಿಟ್ಟು, ಲಕ್ಷ್ಮಿಕಾಂತನ ಲಾರಿಯನ್ನು ಎಳೆದುಕೊಂಡು ನಿಧಾನಕ್ಕೆ ಆದೋನಿಗೆ ವಾಪಸಾದ.

ಬೈಸಿಕೊಳ್ಳಲು ಸಿದ್ಧನಾಗಿ ಇಳಿದರೆ, ಸಾವಕಾರರು ಓಡಿ ಬಂದು ಕೈ ಹಿಡಿದುಕೊಂಡರು. ಅವರ ಹಿಂದೆ ಗುಜರಿಯವನು ನಿಂತಿದ್ದ.

“ಭೇಷ್ ಉಚ್ಚೀರಪ್ಪ. ಹದಿನಾಲ್ಕು ವರ್ಷದ ಗಾಡಿ ಇನ್ನೊಂದು ಗಾಡಿ ಎಳಕೊಂಡು ಬರ್ತೈತಂದ್ರ, ಅದು ನಿನ್ನ ಕೈಗುಣ. ಹಳೇದಾತಂತ ಇವತ್ತು ನಿನ್ನ ಲಾರಿ ಗುಜರಿಗೆ ಹಾಕಿ ಹೊಸಾದು ನಿನಗ ಕೊಡಬೇಕಂತಿದ್ದೆ. ಎಂಥಾ ತಪ್ಪು ಮಾಡ್ತಿದ್ದೆ ನೋಡು. ಇದು ಇನ್ನೂ ಹತ್ತು ವರ್ಷ ಓಡ್ತೈತಿ.”

ಉಚ್ಚೀರಪ್ಪ ಹಾರ ಹಾಕಿದ ಲಾರಿಯತ್ತ ನೋಡಿದ. “ಮತ್ತ ಹೊಸಾ ಗಾಡಿ, ಸಾವಕಾರ್ರೇ?”

“ಗುಜರಿಯವನು ಬರಿಗೈಲಿ ಹೋಗಬಾರ್ದಂತ ಲಕ್ಷ್ಮಿಕಾಂತನ ಗಾಡಿ ಕೊಡ್ತೀನಿ. ಪಾಪ, ಅವ ಏನು ಓಡಿಸ್ಬೇಕು? ಹೊಸಾದು ಅವನಿಗೇ.”

ಮರುದಿನ ಬೆಳಿಗ್ಗೆ ಲಕ್ಷ್ಮಿಕಾಂತ್ ಹೊಸ ಲಾರಿಗೆ ನಿಂಬೆಹಣ್ಣು ಕಟ್ಟುತ್ತಿದ್ದ. ಉಚ್ಚೀರಪ್ಪ ಅತ್ತ ನೋಡಬಾರದೆಂದೇ ತನ್ನ ಟೈರುಗಳನ್ನು ಬಡಿದು ಮುಗಿಸಿದ. ಆಮೇಲೆ ಮನಸ್ಸು ತಡೆಯಲಿಲ್ಲ. ರಾಡು ಹಿಡಿದು ಹೊಸ ಲಾರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಟೈರನ್ನೂ ಬಡಿಯತೊಡಗಿದ.