ಸಾರಿಬೆಲ್ ಶಾಲೆ ಸಮುದ್ರಮಟ್ಟಕ್ಕೆ ಇಳಿದದ್ದು

ನಮ್ಮ ಕಣಿವೆಯ ಶಾಲೆಗಳಲ್ಲಿ ಮೇಲ್ಮಟ್ಟದ ಆಲೋಚನೆಯು ಅಕ್ಟೋಬರ್ ಒಂದನೇ ತಾರೀಖು ಬೆಳಗ್ಗೆ ಎಂಟೂವರೆ ಗಂಟೆಗೆ ಜಾರಿಗೆ ಬಂತು. ಅದಕ್ಕೂ ಮೊದಲು ಇಲ್ಲಿ ಆಲೋಚನೆ ನಡೆಯುತ್ತಲೇ ಇರಲಿಲ್ಲವೆಂದಲ್ಲ. ನಡೆಯುತ್ತಿತ್ತು; ಆದರೆ ಕೆಳಮಟ್ಟದಲ್ಲಿ, ಅಲ್ಲೊಂದು ಇಲ್ಲೊಂದು, ದಾಖಲೆಯಿಲ್ಲದೆ.

ಶಿಕ್ಷಣ ಇಲಾಖೆಯ ಸುತ್ತೋಲೆ ಒಂಬತ್ತು ಪುಟದ್ದು. ಭೌತಶಾಸ್ತ್ರದ ಪಾಠದಲ್ಲಿ ಮಕ್ಕಳು ಬಾಯಿಪಾಠ ಮಾಡುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ವಿಶ್ಲೇಷಣೆ, ವಿಮರ್ಶೆ, ಸೃಜನಶೀಲತೆ ಎಂಬ ಮೂರು ಮಾತುಗಳನ್ನು ಮಾತ್ರ ಬಾಯಿಪಾಠ ಮಾಡತಕ್ಕದ್ದು. ನಲವತ್ತೈದು ನಿಮಿಷದ ಒಂದು ಪಾಠದಲ್ಲಿ ಪ್ರತಿ ವಿದ್ಯಾರ್ಥಿಯೂ ಕನಿಷ್ಠ ಒಂದು, ಗರಿಷ್ಠ ಎರಡು ಮೇಲ್ಮಟ್ಟದ ಆಲೋಚನೆಗಳನ್ನು ಮಾಡತಕ್ಕದ್ದು. ಆಲೋಚನೆಯು ಹೊರಗಿನವರಿಗೆ ಕಾಣುವಂತಿರತಕ್ಕದ್ದು. ವಿದ್ಯಾರ್ಥಿಗಳು ತಮಗೆ ತಾವೇ ಹೊಳೆದು ಕೇಳುವ ಪ್ರಶ್ನೆಗಳ ಪಟ್ಟಿಗೆ ಏಳು ದಿನ ಮುಂಚಿತವಾಗಿ, ಮೂರು ಪ್ರತಿಗಳಲ್ಲಿ, ಅನುಮೋದನೆ ಪಡೆಯತಕ್ಕದ್ದು. ಪಟ್ಟಿಯಲ್ಲಿಲ್ಲದ ಪ್ರಶ್ನೆ ಯಾರಿಗಾದರೂ ಹೊಳೆದಲ್ಲಿ ಅದನ್ನು ಮುಂದಿನ ವರ್ಷಕ್ಕೆ ಕಾದಿರಿಸತಕ್ಕದ್ದು.

ಕೊನೆಯ ಪುಟದಲ್ಲಿ ಒಂದು ಪ್ರೋತ್ಸಾಹಕ ಅಂಶವಿತ್ತು. ಕಮಿಟಿಯೊಂದು ಪ್ರತಿ ಶಾಲೆಗೂ ಬಂದು ಪಾಠ ನೋಡುವುದು; ಕಣಿವೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಆಲೋಚಿಸುವ ಶಾಲೆಗೆ, ಇಡೀ ಕಟ್ಟಡವನ್ನು ಬೆಚ್ಚಗಿಡುವ ಹೊಸ ಬಾಯ್ಲರ್ ಒಂದನ್ನು ನೀಡಲಾಗುವುದು.

ಸಾರಿಬೆಲ್ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಜಿಪಾರ್ ಎಜೆ ಆ ಕೊನೆಯ ಪುಟವನ್ನು ಮೂರು ಸಲ ಓದಿದಳು. ನಮ್ಮಲ್ಲಿ ಅಕ್ಕನೂ ಎಜೆಯೇ, ಟೀಚರೂ ಎಜೆಯೇ. ಇಪ್ಪತ್ತಾರು ವರ್ಷ ಪಾಠ ಹೇಳಿದ ಆಕೆ ಊರಿನ ಅರ್ಧ ಜನಕ್ಕೆ ಎರಡೂ ಆಗಿದ್ದಳು. ಶಾಲೆಯ ಹಳೆಯ ಬಾಯ್ಲರ್ ಒಡೆದು ಎರಡು ಚಳಿಗಾಲ ಕಳೆದಿತ್ತು. ತರಗತಿಗೊಂದು ಕಬ್ಬಿಣದ ಒಲೆ, ಒಲೆಗೊಂದು ಬಕೆಟ್ಟು ಕಲ್ಲಿದ್ದಲು. ಹತ್ತು ಗಂಟೆಗೆಲ್ಲ ಅದು ಬೂದಿ. ಆಮೇಲೆ ಮಕ್ಕಳು ಕೈಗವಸು ಹಾಕಿಕೊಂಡೇ ಬರೆಯುತ್ತಿದ್ದರು. ಶಾಯಿ ಹೆಪ್ಪುಗಟ್ಟಬಾರದೆಂದು ಪೆನ್ನನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಮೀಟರ್ ಮೇಲೆ ಕೂತಿರುವ ಊರಿಗೆ ಇದೇನೂ ವಿಶೇಷವಲ್ಲ.

ಮುಖ್ಯೋಪಾಧ್ಯಾಯ ಎಸೆನ್‌ಕುಲ್ ಹಿಂದೆ ಕುಸ್ತಿ ಕಲಿಸುತ್ತಿದ್ದವನು. ಅನುಮೋದನೆಯಾಗಿ ಬಂದ ಪಟ್ಟಿಯನ್ನು ಹಿಡಿದುಕೊಂಡು ಅವನೇ ಭೌತಶಾಸ್ತ್ರದ ಕೋಣೆಗೆ ಬಂದ.

"ಎಜೆ, ಹನ್ನೆರಡು ಪ್ರಶ್ನೆ ಪಾಸಾಗಿದೆ. ಮಕ್ಕಳಿಗೆ ಹಂಚಿಬಿಡಿ. ತಮ್ಮಷ್ಟಕ್ಕೆ ತಾವೇ ಕೇಳಿದ ಹಾಗಿರ್ಬೇಕು."

"ತಮ್ಮಷ್ಟಕ್ಕೆ ತಾವೇ, ನಂಬರ್ ಪ್ರಕಾರ?"

"ಮತ್ತಿನ್ನೇನು? ಒಬ್ಬರ ಮೇಲೊಬ್ಬರು ಬೀಳೋಕೆ ಇದೇನು ಕುಸ್ತಿಯಾ?" ಎಂದವನು ದನಿ ತಗ್ಗಿಸಿದ. "ಇನ್ನೊಂದು ಮಾತು. ನೀವು ಪ್ರಶ್ನೆ ಕೇಳಿಬಿಟ್ಟು ಸುಮ್ನೆ ಚಹಾ ಕುಡೀತಾ ಕೂತ್ಕೋತೀರಲ್ಲ, ಕಮಿಟಿ ಮುಂದೆ ಅದೊಂದು ಬೇಡ."

"ಮಕ್ಕಳು ಯೋಚನೆ ಮಾಡ್ಲಿ ಅಂತ ಕೂತ್ಕೋತೀನಪ್ಪಾ."

"ಗೊತ್ತು ಎಜೆ, ಗೊತ್ತು. ಆದ್ರೆ ಅವತ್ತು ಯೋಚನೆಗೆಲ್ಲ ಟೈಮ್ ಎಲ್ಲಿರತ್ತೆ?"

ಏಳನೇ ನಂಬರಿನ ಪ್ರಶ್ನೆ ಉಮ್ಸುನಾಯ್ ಎಂಬ ಹುಡುಗಿಯ ಪಾಲಿಗೆ ಬಂತು. ಹದಿನಾಲ್ಕು ವರ್ಷದ ಈ ಕುರಿಗಾಹಿಯ ಮಗಳು ಯಾವುದಕ್ಕೂ "ಯಾಕೆ?" ಅನ್ನುವವಳು. ಪ್ರಾಥಮಿಕ ಶಾಲೆಯಲ್ಲಿ ಅದಕ್ಕಾಗಿ ಎರಡು ಸಲ ಮೂಲೆಯಲ್ಲಿ ನಿಂತಿದ್ದಳು, "ಮೂಲೇನೇ ಯಾಕೆ?" ಎಂದು ಕೇಳಿದ್ದಕ್ಕೆ ಮೂರನೇ ಸಲ. ಚೀಟಿಯನ್ನು ಬಿಡಿಸಿ ಗಟ್ಟಿಯಾಗಿ ಓದಿದಳು: "ಎಜೆ, ನೀರು ನೂರು ಡಿಗ್ರಿಗೆ ಕುದಿಯುವುದೆಂಬುದನ್ನು ನಾವು ಪ್ರಯೋಗದ ಮೂಲಕ ವಿಮರ್ಶಾತ್ಮಕವಾಗಿ ನೋಡಬಹುದೆ?"

ಓದಿ ತಲೆಯೆತ್ತಿದಳು. "ನೋಡಬಹುದಾ, ಎಜೆ?"

ಜಿಪಾರ್ ಎಜೆ ಎಂಟನೇ ಚೀಟಿಯನ್ನು ಪಕ್ಕದವನಿಗೆ ಕೊಟ್ಟಳು. ನಮ್ಮೂರಿನಲ್ಲಿ ನೀರು ತೊಂಬತ್ತಕ್ಕೇ ಕುದಿಯುತ್ತದೆಂಬುದು ಆಕೆಗೆ ಗೊತ್ತಿತ್ತು. ಪ್ರಯೋಗವನ್ನು ಕೈಬಿಡೋಣವೆಂದರೆ ಸುತ್ತೋಲೆಯ ಆರನೇ ಪುಟದಲ್ಲಿ ಪ್ರಯೋಗ ಕಡ್ಡಾಯ. ಥರ್ಮಾಮೀಟರನ್ನು ಬಚ್ಚಿಡೋಣವೆಂದರೆ ಅದೇ ಪುಟದ ಕೆಳಗೆ ಅಳತೆಯೂ ಕಡ್ಡಾಯ. ಮನೆಗೆ ಹೋಗುವ ದಾರಿಯಲ್ಲಿ ಆಕೆ ಎರಡು ಸಲ ನಿಂತು ಯೋಚಿಸಿದಳು. ಮಕ್ಕಳ ನೀಲಿಗಟ್ಟಿದ ಬೆರಳುಗಳು ನೆನಪಾದವು. ಒಮ್ಮೆ ಎಲ್ಲವನ್ನೂ ಕಮಿಟಿಗೆ ಬಿಡಿಸಿ ಹೇಳೋಣ ಅನಿಸಿತು. ಹೇಳಿದರೆ ಅರ್ಥವಾಗಿಬಿಟ್ಟೀತೇನೋ ಎಂಬ ಆಸೆ ಆ ವಯಸ್ಸಿನಲ್ಲೂ ಆಕೆಗಿತ್ತು.

ಕಮಿಟಿ ನವೆಂಬರ್ ಎರಡನೇ ವಾರ ಬಂತು. ಪರಿವೀಕ್ಷಕ ಮೆಲಿಸ್ ಮತ್ತು ಆತನ ಜೊತೆಗೆ, ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡ, ಆಲೋಚನೆಗಳನ್ನು ಎಣಿಸುವ ಒಬ್ಬ ಹೆಂಗಸು. ಆಕೆಯ ಕೆಲಸದ ಹೆಸರೇ ಆಲೋಚನಾ ಗಣಕಿ. ಎಸೆನ್‌ಕುಲ್ ಬಾಗಿಲಲ್ಲೇ ಮೆಲಿಸನ ತಲೆಗೆ ಅತಿಥಿ ಮರ್ಯಾದೆಯ ಬಿಳಿ ಉಣ್ಣೆಯ ಟೋಪಿ ತೊಡಿಸಿದ. ಶಾಲೆಯ ಅಡುಗೆಮನೆಯಲ್ಲಿ ಒಂದು ಇಡೀ ಕುರಿ ಹಂಡೆಯಲ್ಲಿ ಬೇಯುತ್ತಿತ್ತು.

ಮೊದಲ ಆರು ಪ್ರಶ್ನೆಗಳು ತಮ್ಮಷ್ಟಕ್ಕೆ ತಾವೇ, ನಂಬರ್ ಪ್ರಕಾರ ಹೊಳೆದವು. ಒಬ್ಬೊಬ್ಬರೂ ಕೇಳುವ ಮೊದಲು ಹುಬ್ಬು ಗಂಟಿಕ್ಕಿದರು. ಗಣಕಿ ಗುರುತು ಹಾಕಿಕೊಂಡಳು. ಮೂರನೇ ಸಾಲಿನ ಹುಡುಗನೊಬ್ಬ ಪ್ರಶ್ನೆ ಮರೆತು ಹುಬ್ಬು ಮಾತ್ರ ಗಂಟಿಕ್ಕಿದ. ಅರ್ಧ ಆಲೋಚನೆ ಎಂದು ಬರೆದುಕೊಳ್ಳಲಾಯಿತು.

ಏಳನೆಯದು ಬಂತು. ಉಮ್ಸುನಾಯ್ ಚೀಟಿಯಲ್ಲಿದ್ದದ್ದನ್ನು ಅಕ್ಷರ ಬಿಡದೆ ಹೇಳಿದಳು. ಮೇಜಿನ ಮೇಲೆ ನೀರು ಕುದಿಯತೊಡಗಿತು. ಅವಳೇ ಹೋಗಿ ಥರ್ಮಾಮೀಟರ್ ನೋಡಿದಳು.

"ತೊಂಬತ್ತು," ಎಂದಳು. ಸ್ವಲ್ಪ ಕಾದಳು. "ತೊಂಬತ್ತರಲ್ಲೇ ನಿಂತುಬಿಟ್ಟಿದೆ ಎಜೆ. ಮೇಲಕ್ಕೇ ಹೋಗ್ತಿಲ್ಲ. ಯಾಕೆ?"

ಈ ಯಾಕೆ ಪಟ್ಟಿಯಲ್ಲಿರಲಿಲ್ಲ. ಎಸೆನ್‌ಕುಲ್ ಪಟ್ಟಿಯನ್ನು ಮತ್ತೊಮ್ಮೆ ತಿರುವಿ ನೋಡಿದ. ಜಿಪಾರ್ ಎಜೆ ಹುಡುಗಿಯ ಮುಖ ನೋಡಿದಳು, ಕಮಿಟಿಯ ಮುಖ ನೋಡಿದಳು. ಇಪ್ಪತ್ತಾರು ವರ್ಷದ ಅಭ್ಯಾಸಬಲವೇ ಗೆದ್ದಿತು. ಕುರ್ಚಿ ಎಳೆದುಕೊಂಡು ಕೂತು ಚಹಾದ ಬಟ್ಟಲು ಕೈಗೆತ್ತಿಕೊಂಡಳು.

ಗಣಕಿ ಗಡಿಯಾರ ಒತ್ತಿದಳು. ಮುಳ್ಳು ಒಂದು ಸುತ್ತು ಹಾಕಿತು.

"ಥರ್ಮಾಮೀಟರ್ ಕೆಟ್ಟಿರ್ಬೇಕು," ಅಂದ ಹಿಂದಿನ ಬೆಂಚಿನವನು.

"ಹಂಗಾದ್ರೆ ಮಂಜಿನಲ್ಲಿಟ್ಟು ನೋಡು," ಅಂದಳು ಇನ್ನೊಬ್ಬಳು. ಯಾರೋ ಕಿಟಕಿ ತೆಗೆದು ಒಂದು ಬೊಗಸೆ ಮಂಜು ತಂದರು. ಅದು ಕರಗುವಾಗ ಪಾದರಸ ಸರಿಯಾಗಿ ಸೊನ್ನೆಗೆ ಬಂದು ನಿಂತಿತು.

"ನೋಡ್ದಾ? ಕೆಟ್ಟಿಲ್ಲ ಕಣೋ!"

"ನಮ್ಮ ಚಿಕ್ಕಪ್ಪ ಕೆಳಗೆ ಪಟ್ಟಣದಲ್ಲಿ ಮಾಂಸ ಬೇಯಿಸಿದ್ರೆ ಬೇಗ ಆಗತ್ತೆ. ಇಲ್ಲಿ ಮಧ್ಯಾಹ್ನ ಆದ್ರೂ ರಬ್ಬರೇ."

"ಕೆಳಗಿರೋದು ಏನು, ಇಲ್ಲಿಲ್ಲದ್ದು?"

"ಗಾಳಿ," ಅಂದಳು ಉಮ್ಸುನಾಯ್. ಅನ್ನುವಾಗ ತನಗೇ ಆಶ್ಚರ್ಯವಾದಂತೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಇಲ್ಲಿ ಮೇಲಿನಿಂದ ಒತ್ತೋ ಗಾಳಿ ಕಮ್ಮಿ. ಅದಕ್ಕೇ ನೀರಿಗೆ ಬೇಗ ಬಿಡುಗಡೆ!"

ಆಮೇಲೆ ಹದಿನೆಂಟು ಮಕ್ಕಳೂ ಒಟ್ಟಿಗೆ ಮಾತಾಡಿದರು. ಹುಬ್ಬು ಗಂಟಿಕ್ಕುವುದನ್ನು ಎಲ್ಲರೂ ಮರೆತರು. ಜಿಪಾರ್ ಎಜೆಯ ಕೈಯಲ್ಲಿ ಚಹಾ ಆರಿತು. ಆಕೆಗೆ ಎದ್ದು ಕುಣಿಯಬೇಕೆನಿಸಿತ್ತು. ಸುತ್ತೋಲೆಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಗಣಕಿ ಎದ್ದು ನಿಂತು ವರದಿ ಮಾಡಿದಳು: ಆರು ನಿಮಿಷದಲ್ಲಿ ನಲವತ್ತೊಂದು ಆಲೋಚನೆ. ಹದಿನೆಂಟು ಮಕ್ಕಳಿಗೆ ಇಡೀ ಪಾಠಕ್ಕೆ ಇರುವ ಗರಿಷ್ಠ ಮಿತಿ ಮೂವತ್ತಾರು.

"ಇದು ಆಲೋಚನೆಯಲ್ಲ," ಎಂದ ಮೆಲಿಸ್. "ಇದು ಗಲಾಟೆ."

ಅಲ್ಲಿಂದ ಎಲ್ಲರೂ ಊಟಕ್ಕೆ ಹೋದರು. ಊಟ ಆಗಿರಲಿಲ್ಲ. ಅಡುಗೆಯ ಬುರ್ಮಾ ಎಜೆ ಹಂಡೆಯ ಮುಚ್ಚಳ ತೆಗೆದು ಮೂಳೆಗೆ ಚೂರಿ ಚುಚ್ಚಿದಳು.

"ಇನ್ನೂ ಎರಡು ಗಂಟೆ ಬೇಕು ಬಾಯ್ಕೆ," ಅಂದಳು. ನಮ್ಮಲ್ಲಿ ಬಾಯ್ಕೆ ಎಂದರೆ ಅಣ್ಣ. ದೊಡ್ಡ ಅಧಿಕಾರಿಗೂ ಅದೇ ಮರ್ಯಾದೆ.

"ಕುದೀತಾನೇ ಇದೆಯಲ್ಲಮ್ಮಾ!"

"ಕುದಿಯತ್ತೆ. ಕುದಿಯೋಕೇನು? ನಮ್ಮೂರ ನೀರು ಬರೀ ಬಾಯಿ ಮಾಡತ್ತೆ, ಕೆಲ್ಸ ಮಾಡಲ್ಲ."

ಮೆಲಿಸ್ ಗಾಬರಿಯಾದ. ಅಂದರೆ ದೋಷ ಒಂದು ತರಗತಿಯದಲ್ಲ, ಅಡುಗೆಮನೆಗೂ ಹಬ್ಬಿದೆ. ಹಸಿದ ಹೊಟ್ಟೆಯಲ್ಲೇ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ತುರ್ತು ಸಭೆ ಸೇರಿತು. ಪಠ್ಯಪುಸ್ತಕ ನೂರು ಎನ್ನುತ್ತದೆ; ಥರ್ಮಾಮೀಟರ್ ತೊಂಬತ್ತು ಎನ್ನುತ್ತದೆ. ಪುಸ್ತಕದ ಮೇಲೆ ಇಲಾಖೆಯ ಮೊಹರಿದೆ. ಥರ್ಮಾಮೀಟರಿನ ಮೇಲೆ ಕಾರ್ಖಾನೆಯ ಮೊಹರಿದೆ. ಸಾರಿಬೆಲ್ ಊರಿನ ಮೇಲೆ ಯಾವ ಮೊಹರೂ ಇಲ್ಲ. ಆದ್ದರಿಂದ ತಪ್ಪು ಊರಿನದು ಎಂದು ಸಭೆ ತೀರ್ಮಾನಿಸಿತು.

ಕರಡನ್ನು ಗಣಕಿ ಬರೆದಳು: *ಭೌತಶಾಸ್ತ್ರದ ಅವಧಿಯಲ್ಲಿ ಸಾರಿಬೆಲ್ ಶಾಲೆಯು ಸಮುದ್ರಮಟ್ಟದಲ್ಲಿದೆಯೆಂದು ಭಾವಿಸತಕ್ಕದ್ದು.*

ಎಸೆನ್‌ಕುಲ್ ಬೆವರಿದ. "ಬಾಯ್ಕೆ, ನಮಗೆಲ್ಲ ಎತ್ತರದ ಭತ್ಯೆ ಬರತ್ತೆ. ಊರೇ ಕೆಳಗಿಳಿದುಬಿಟ್ರೆ..."

"ಅದು ಹಣಕಾಸು ಇಲಾಖೆ, ಇದು ಶಿಕ್ಷಣ ಇಲಾಖೆ. ನಮಗೂ ಅವರಿಗೂ ಮಾತುಕತೆ ಇಲ್ಲ," ಎಂದು ಮೆಲಿಸ್ ಸಮಾಧಾನ ಹೇಳಿದ. "ಬೆಲ್ ಹೊಡೆದಾಗ ಇಳೀರಿ. ಬೆಲ್ ಹೊಡೆದಾಗ ಹತ್ತಿ. ಸಂಬಳ ತಗೊಳ್ಳುವಾಗ ಮೇಲೇ ಇರಿ."

ಉಳಿದದ್ದು ಒಂದೇ ಸಹಿ. ತಾನು ಥರ್ಮಾಮೀಟರನ್ನು ತಪ್ಪಾಗಿ ಓದಿಸಿದೆ, ನೀರು ನೂರಕ್ಕೇ ಕುದಿದಿತ್ತು ಎಂದು ಜಿಪಾರ್ ಎಜೆ ಬರೆದುಕೊಡಬೇಕು. ಕೊಟ್ಟರೆ ಬಾಯ್ಲರ್ ಸಾರಿಬೆಲ್‌ಗೆ. ಕೊಡದಿದ್ದರೆ ಪಕ್ಕದ ಊರಿನ ಶಾಲೆಗೆ. ಅಲ್ಲಿನ ಮಕ್ಕಳು ಒಂದೇ ಸಲಕ್ಕೆ ಹುಬ್ಬು ಗಂಟಿಕ್ಕುವುದನ್ನು ಕಮಿಟಿ ಹಿಂದಿನ ದಿನ ನೋಡಿ ಬಂದಿತ್ತು. ಅಲ್ಲದೆ ಅನುಮತಿಯಿಲ್ಲದ ಪ್ರಶ್ನೆ ಕೇಳಿದವಳೆಂದು ಉಮ್ಸುನಾಯ್ ಹೆಸರು ಕಡತಕ್ಕೆ ಹೋಗುತ್ತದೆ.

"ಹದಿನೈದು ನಿಮಿಷ ಕೊಡಿ," ಎಂದು ಆಕೆ ಕಾಗದ ಹಿಡಿದುಕೊಂಡು ತನ್ನ ಕೋಣೆಗೆ ಬಂದಳು. ಒಲೆ ಆರಿತ್ತು. ಮಕ್ಕಳು ಮನೆಗೆ ಹೋಗಿದ್ದರು; ಉಮ್ಸುನಾಯ್ ಒಬ್ಬಳು ಮೇಜು ಒರೆಸುತ್ತಿದ್ದಳು. ಎಜೆಯ ಮುಖ ನೋಡಿ, ಕೈಯಲ್ಲಿದ್ದ ಕಾಗದವನ್ನು ಕೇಳದೆಯೇ ಇಸಿದುಕೊಂಡು ಓದಿದಳು.

"ಸಹಿ ಹಾಕಿಬಿಡಿ ಎಜೆ."

"ಸುಳ್ಳಲ್ವೇನೇ?"

"ಸುಳ್ಳೇ. ಅದಕ್ಕೇನಂತೆ? ನೀರು ನಿಮ್ಮ ಸಹಿ ನೋಡ್ಕೊಂಡು ಕುದಿಯತ್ತಾ?" ಹುಡುಗಿ ಕೈಗವಸು ಬಿಚ್ಚಿ ಬೆರಳು ಉಜ್ಜಿಕೊಂಡಳು. "ನಾವು ಹದಿನೆಂಟು ಜನ ನೋಡಿದೀವಿ. ನಮ್ಮ ತಲೆಯಿಂದ ಅದನ್ನ ತೆಗೆಯೋಕೆ ಯಾವ ಫಾರ್ಮು ಇದೆ ಅವರ ಹತ್ರ? ಚಿಕ್ಕ ಮಕ್ಕಳ ಕೋಣೇಲಿ ನೀರಿನ ಲೋಟ ಗಟ್ಟಿಯಾಗೋಗತ್ತೆ ಎಜೆ. ಹಾಕಿ."

ಇಪ್ಪತ್ತಾರು ವರ್ಷದಲ್ಲಿ ತಾನು ಕೇಳಿದ ಅತಿ ಮೇಲ್ಮಟ್ಟದ ಆಲೋಚನೆ ಇದೇ ಇರಬೇಕೆಂದು ಜಿಪಾರ್ ಎಜೆಗೆ ಅನ್ನಿಸಿತು. ಎಣಿಸಲು ಗಣಕಿ ಅಲ್ಲಿರಲಿಲ್ಲ. ಎಜೆ ಕಂಕುಳಿನಿಂದ ಪೆನ್ನು ತೆಗೆದು ಸಹಿ ಹಾಕಿದಳು. ಆಮೇಲೆ ಬಹಳ ಹೊತ್ತು ಹುಡುಗಿಯ ಎರಡೂ ಕೈಗಳನ್ನು ತನ್ನ ಅಂಗೈಯೊಳಗೆ ಹಿಡಿದುಕೊಂಡು ಕೂತಳು.

ಬಾಯ್ಲರ್ ಡಿಸೆಂಬರಿನಲ್ಲಿ ಬಂತು. ಅದರ ಹೊಟ್ಟೆಯ ಮೇಲೆ ಒಂದು ತಗಡು ಬಡಿದಿತ್ತು: ಎರಡು ಸಾವಿರ ಮೀಟರಿಗಿಂತ ಎತ್ತರದ ಸ್ಥಳಗಳಲ್ಲಿ ಈ ಯಂತ್ರವನ್ನು ಉರಿಸತಕ್ಕದ್ದಲ್ಲ. ಬಾಯ್ಲರಿನ ಕೆಲಸದ ಶಾಮೆನ್ ನಿಯಮ ಮೀರದ ಮನುಷ್ಯ. ಭೌತಶಾಸ್ತ್ರದ ಬೆಲ್ ಹೊಡೆದು ಶಾಲೆ ಸಮುದ್ರಮಟ್ಟಕ್ಕೆ ಇಳಿದ ಕೂಡಲೇ ಉರಿ ಹಾಕುವನು. ಮುಂದಿನ ಬೆಲ್ಲಿಗೆ ಶಾಲೆ ಮೇಲೆ ಹತ್ತಿದ ಕೂಡಲೇ ನೀರು ಸುರಿದು ಆರಿಸುವನು. ಸಾಹಿತ್ಯ, ಚರಿತ್ರೆ, ಹಾಡುಗಾರಿಕೆ ಎಲ್ಲ ಮತ್ತೆ ಕೈಗವಸಿನಲ್ಲೇ ನಡೆದವು.

ಒಂದು ವಾರದಲ್ಲಿ ಇದಕ್ಕೂ ಪರಿಹಾರ ಸಿಕ್ಕಿತು. ಹೇಳಿದ್ದು ಜಿಪಾರ್ ಎಜೆಯೇ. ಎಸೆನ್‌ಕುಲ್ ಹೊಸ ವೇಳಾಪಟ್ಟಿ ಅಂಟಿಸಿದ: ಭೌತಶಾಸ್ತ್ರ (ಸಾಹಿತ್ಯ), ಭೌತಶಾಸ್ತ್ರ (ಚರಿತ್ರೆ), ಭೌತಶಾಸ್ತ್ರ (ಹಾಡು), ಭೌತಶಾಸ್ತ್ರ (ಊಟ). ಸಾಹಿತ್ಯದ ಮೇಷ್ಟ್ರು ಮೊದಲ ದಿನ ಮುಖ ಸಿಂಡರಿಸಿದರು. ಎರಡನೇ ದಿನ ಕೋಟು ಬಿಚ್ಚಿ ಪಾಠ ಮಾಡಿದರು. ಚಿಕ್ಕ ಮಕ್ಕಳ ಕೋಣೆಯ ಲೋಟಗಳಲ್ಲಿ ನೀರು ನೀರಾಗಿಯೇ ಉಳಿಯಿತು. ಜಿಪಾರ್ ಎಜೆ ಪ್ರಶ್ನೆ ಕೇಳಿ ಚಹಾ ಕುಡಿಯುತ್ತ ಕೂರುವುದನ್ನು ಮುಂದುವರಿಸಿದಳು. ಕಡತದಲ್ಲಿ ಅದನ್ನು ಭೌತಶಾಸ್ತ್ರ (ಚಹಾ) ಎಂದು ನಮೂದಿಸಲಾಯಿತು.

ವಸಂತದ ಹೊತ್ತಿಗೆ, ದಿನಕ್ಕೆ ಏಳು ಗಂಟೆ ಭೌತಶಾಸ್ತ್ರ ಕಲಿಸುವ ಏಕೈಕ ಶಾಲೆಯೆಂದು ಇಲಾಖೆ ಸಾರಿಬೆಲ್‌ಗೆ ಪ್ರಶಂಸಾಪತ್ರ ಕಳಿಸಿತು. ಅಕ್ಕಪಕ್ಕದ ನಾಲ್ಕು ಊರುಗಳು ತಮ್ಮನ್ನೂ ಕೆಳಗಿಳಿಸಬೇಕೆಂದು ಅರ್ಜಿ ಹಾಕಿದವು. ಮೇ ತಿಂಗಳಲ್ಲಿ ಲಾರಿಯೊಂದು ಮಂಜು ಕರಗಿದ ದಾರಿ ಹತ್ತಿ ಬಂದು ಶಾಲೆಯ ಮುಂದೆ ಹತ್ತು ಮೂಟೆಗಳನ್ನು ಇಳಿಸಿತು. ಒಳಗೆ, ನೀರಿಗೆ ಬಿದ್ದವರು ಮುಳುಗದಂತೆ ತೊಡುವ ಕಿತ್ತಳೆ ಬಣ್ಣದ ತೇಲಂಗಿಗಳು. ಸಮುದ್ರಮಟ್ಟದಲ್ಲಿರುವ ಎಲ್ಲ ಶಾಲೆಗಳ ಮಕ್ಕಳಿಗೂ ಇವು ಕಡ್ಡಾಯ. ನಮ್ಮ ದೇಶಕ್ಕೆ ಸಮುದ್ರವೇ ಇಲ್ಲವಾದ್ದರಿಂದ ಇಲಾಖೆಯ ಉಗ್ರಾಣದಲ್ಲಿ ಬಹುಕಾಲದಿಂದ ಕೂತಿದ್ದ ಅವುಗಳಿಗೆ ಕೊನೆಗೂ ಒಂದು ವಿಳಾಸ ಸಿಕ್ಕಿತ್ತು.

ಎಸೆನ್‌ಕುಲ್ ರಸೀದಿಗೆ ಮೊಹರು ಒತ್ತಿದ. ಮಕ್ಕಳು ಸಾಲಾಗಿ ನಿಂತು ತೊಟ್ಟುಕೊಂಡರು. ಜಿಪಾರ್ ಎಜೆ ಒಬ್ಬೊಬ್ಬರ ಪಟ್ಟಿಯನ್ನೂ ಎಳೆದು ನೋಡಿದಳು.

"ಬಿಗಿಯಾಯ್ತಾ ಉಮ್ಸುನಾಯ್?"

"ಇಲ್ಲ ಎಜೆ, ಸರಿಯಾಗಿದೆ. ಬೆಚ್ಚಗೂ ಇದೆ."

ಈಗ ಬೆಳಗ್ಗೆ ಎಂಟೂಕಾಲಿಗೆ ನಮ್ಮೂರ ಗುಡ್ಡದ ದಾರಿಯಲ್ಲಿ ಕಿತ್ತಳೆ ಸಾಲೊಂದು ಇಳಿದು ಬರುತ್ತದೆ. ಕುರಿಗಳು ಪಕ್ಕಕ್ಕೆ ಸರಿದು ಜಾಗ ಬಿಡುತ್ತವೆ. ಮಗು ತೇಲಂಗಿ ಮರೆತು ಹೊರಟರೆ ತಾಯಂದಿರು ಬಾಗಿಲಲ್ಲೇ ತಡೆದು ಗದರುತ್ತಾರೆ: "ಹಾಕ್ಕೊಂಡು ಹೋಗೋ, ಇವತ್ತು ಪೂರ್ತಿ ಭೌತಶಾಸ್ತ್ರ ಇದೆ."