ಜಪಾನಿ ಹೆಂಗಸಿಗೊಂದು ಹಾರದ ಕೊಂಡಿ

ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳನ್ನು ಮೂಡಲಗಿಯಲ್ಲಿ ಕೂತು ಕೂಡಿಹಾಕುವ ಡ್ರಾಯಿಂಗ್ ಮಾಸ್ತರ ನಾನೊಬ್ಬನೇ. ಹೀಗಾಗಿ ಇಡೀ ತಾಲ್ಲೂಕಿಗೆ ಮೊದಲನೆಯವನೂ ನಾನೇ, ನಗೆಪಾಟಲಾಗುವವನೂ ನಾನೇ. ಮೊದಲನೆಯದಕ್ಕೆ ಹೆಮ್ಮೆಯಿದೆ, ಎರಡನೆಯದು ರೂಢಿಯಾಗಿದೆ.

೧. ಹುಕ್ಕೇರಿಯ ಕಟ್ಟು

ನನ್ನ ಸಂಗ್ರಹದ ಪಟ್ಟದ ರಾಣಿ, ಬೀಸಣಿಗೆ ಹಿಡಿದ ಒಬ್ಬ ಹೆಂಗಸು. ಕೊಲ್ಲಾಪುರದ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕವಳು. ಕಟ್ಟು ಹಾಕಿಸಲು ಹುಕ್ಕೇರಿಗೆ ಒಯ್ದೆ. ಫ್ರೇಮಿನ ಅಂಗಡಿಯವರು ಚಿತ್ರ ನೋಡಿ, ದನಿ ತಗ್ಗಿಸಿ, ಇವರು ತೀರಿಕೊಂಡು ಎಷ್ಟು ದಿನವಾಯಿತೆಂದು ಕೇಳಿದರು. ನೂರೈವತ್ತು ವರ್ಷವಾದರೂ ಆಗಿರಬೇಕು ಎಂದೆ.

"ಇನ್ನೂ ಮರ್ತಿಲ್ಲ ನೋಡ್ರಿ ನೀವು," ಎಂದು ಮರುಗಿ, ಹಾರ ಹಾಕಲು ಒಂದು ಹಿತ್ತಾಳೆ ಕೊಂಡಿಯನ್ನು ಪುಕ್ಕಟೆ ಹಚ್ಚಿಕೊಟ್ಟರು.

೨. ಮೂಗಿನ ಗುರುತು

ಕೊಂಡಿ ಕಂಡಮೇಲೆ ಕೇಳಬೇಕೆ? ನಾಗನೂರಿನಿಂದ ಬಂದ ನಮ್ಮ ದೊಡ್ಡವ್ವ, ಹಿರಿಯರನ್ನು ಹಾರವಿಲ್ಲದೆ ತೂಗುಹಾಕಿದ್ದಕ್ಕೆ ನನ್ನ ಹೆಂಡತಿಯನ್ನು ಬೈದಳು. ತಾನೇ ಗಾಜಿನ ಮೇಲೆ, ಸರಿಯಾಗಿ ಹಣೆಗೆ, ಕುಂಕುಮ ಹಚ್ಚಿ ಸೇವಂತಿಗೆ ಹಾರ ಹಾಕಿದಳು. ಈಕೆ ಜಪಾನಿನವಳೆಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ.

"ನನಗ ಹೇಳ್ತೀಯೇನು? ಮೂಗ ನಿಮ್ಮ ಮುತ್ತ್ಯಾಂದ ಐತಿ."

ಅಂದಿನಿಂದ ನನ್ನ ಹೆಂಡತಿ ಆ ಚಿತ್ರವನ್ನು 'ಅತ್ತಿ' ಎಂದೇ ಕರೆಯುತ್ತಾಳೆ.

೩. ಗೋಕಾಕದ ತೀರ್ಪು

ಒಂದು ದಿನ ನಮ್ಮ ಸಾಲಿಯ ವಿಜ್ಞಾನ ಮಾಸ್ತರರು ಮನೆಗೆ ಬಂದು, ಇದು ಮಷೀನಿನಲ್ಲಿ ಅಚ್ಚಾದ ಹಳೇ ಕ್ಯಾಲೆಂಡರ್ ಎಂದುಬಿಟ್ಟರು. ಅವರು ನಕ್ಕರು, ನನಗೆ ಮಾತ್ರ ಊಟ ಸೇರಲಿಲ್ಲ. ರಾಣಿಯೇ ಸುಳ್ಳಾದರೆ ಇಷ್ಟು ವರ್ಷ ಮೆರೆದ ನಾನೂ ಸುಳ್ಳು. ಮರದ ಕೆಲಸ ಮರ ಕೆತ್ತುವವರಿಗೇ ಗೊತ್ತೆಂದು, ಗೋಕಾಕದಲ್ಲಿ ಮರದ ಗೊಂಬೆ ಮಾಡುವ ಹಿರಿಯರೊಬ್ಬರ ಮುಂದೆ ಚಿತ್ರ ಇಟ್ಟೆ.

ಅವರು ಕಟ್ಟು ಬಿಚ್ಚಿ, ಹಾಳೆ ಮಗುಚಿ, ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಕಾಗದವನ್ನು ಅಚ್ಚಿನ ಮೇಲಿಟ್ಟು ಕೈಯಿಂದ ತಿಕ್ಕಿದ ಗುರುತು ಸುತ್ತುಸುತ್ತಾಗಿ ಕಂಡಿತು. ಮಷೀನು ಹೀಗೆ ತಿಕ್ಕುವುದಿಲ್ಲ, ಇದು ಮರದಚ್ಚೇ ಎಂದರು. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಆದರೆ ಅವರ ಪರೀಕ್ಷೆ ಮುಗಿದಿರಲಿಲ್ಲ.

"ಕೂದಲಿನ ಗೆರಿ ಭಾಳ ಚಲೋ ಕೆತ್ಯಾನ. ತೋಳಿನ ಅಂಚಿನಾಗ ಅವಸರ ಮಾಡ್ಯಾನ. ಕೆತ್ತಿದ ಹುಡುಗನ್ನ ಒಂದ ವರ್ಷ ನನ್ನ ಕಡೆ ಬಿಡ್ರಿ, ತಯಾರ ಮಾಡ್ತೇನಿ."

ಕೆತ್ತಿದವನು ಜಪಾನಿನವನು ಕಾಕಾ, ತೀರಿಕೊಂಡೇ ನೂರು ವರ್ಷದ ಮೇಲಾಯಿತು ಎಂದೆ. ಅವರು ಹಾಳೆಯನ್ನು ಮೆಲ್ಲಗೆ ಕಟ್ಟಿನೊಳಗೆ ಇಟ್ಟರು. ಆಮೇಲೆ ಕಟ್ಟಿನ ಮೇಲಿದ್ದ ಹಿತ್ತಾಳೆ ಕೊಂಡಿಯನ್ನು ಮುಟ್ಟಿ ನೋಡಿದರು.

"ಹಂಗಂದ್ರ ಕೊಂಡಿ ಬರೋಬ್ಬರಿ ಹಚ್ಚೀರಿ. ಹಾರ ಆಕಿಗಲ್ಲ, ಅಂವಗ ಹಾಕ್ರಿ. ತೋಳಿನ ಮಾತ ಮಾತ್ರ ಅವನ ಮನಿಯವರಿಗೆ ಹೇಳಬ್ಯಾಡ್ರಿ."