ಹಿತ್ತಲ ತುಂಬೆ, ಮೂಗಿನ ತುದಿಯ ಕೋಪ

"ಈ ಸಲ ಕಡೇ ಕಾರ್ತಿಕ ಸೋಮವಾರ ಈಶ್ವರನ ನೆತ್ತಿ ಮೇಲೆ ನಮ್ಮ ಹಿತ್ತಲ ತುಂಬೆ ಹೂವು ಬೀಳದೇ ಇದ್ರೆ, ನಾನು ಬಿಳಿಗೆರೆ ಬಸವರಾಜಪ್ಪನ ಮಗಳೇ ಅಲ್ಲ!"

ನಮ್ಮ ಹೆಂಗಸರ ಸಂಘ ಅಕ್ಕನ ಬಳಗದ ಸಭೆಯಲ್ಲಿ ಕಾಫಿ ಲೋಟ ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದಾಗ ಇಡೀ ಬಳಗ ದಂಗಾಯಿತು. ದಂಗಾಗದೆ ಏನು? ಹಿಂದೆಲ್ಲ ತುಂಬೆಯನ್ನು ಯಾರೂ ಬೆಳೆಯುತ್ತಿರಲಿಲ್ಲ, ಅದೇ ಬೆಳೆಯುತ್ತಿತ್ತು. ಬದುವಿನಲ್ಲಿ, ರಸ್ತೆ ಅಂಚಿನಲ್ಲಿ, ಪಾಳು ಬಿದ್ದ ಕಣದಲ್ಲಿ. ಮಕ್ಕಳಿಗೆ ನೆಗಡಿಯಾದರೆ ಅದರ ಸೊಪ್ಪು, ಶಿವನಿಗೆ ಅದರ ಹೂವು. ಈಗ ತೆಂಗಿನ ತೋಟಗಳಿಗೆಲ್ಲ ಕಳೆಗೆ ಹೊಡೆಯುವ ಔಷಧಿ ಬಂದು, ಹೋದ ವರ್ಷ ಒಂದು ಹಿಡಿ ತುಂಬೆ ಹೂವಿಗಾಗಿ ಊರೂರು ಅಲೆದು ಬರಿಗೈಯಲ್ಲಿ ವಾಪಸು ಬಂದಿದ್ದೆ. ಆವತ್ತಿನ ಸಿಟ್ಟೇ ಈ ಪ್ರತಿಜ್ಞೆ!

ಸಿಟ್ಟಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನನಗೆ ಕೋಪ ಜಾಸ್ತಿ ಎಂದು ಊರೆಲ್ಲ ಹೇಳುತ್ತದೆ. ಹಾಗೆ ಹೇಳಿದವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ನಮ್ಮ ಯಜಮಾನರು ರೇಣುಕಪ್ರಸಾದ್. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿಯ ಜಾತಕ ಹೇಳುತ್ತಾರೆ. ಹೆಂಡತಿಯ ಒಳಗೆ ಏನಿದೆ ಎನ್ನುವುದು ಮಾತ್ರ ಈವರೆಗೂ ಕೇಳಿಸಿಲ್ಲ.

"ತುಂಬೆ ಬೆಳೀತೀಯಾ? ಬೆಳಿ ಬೆಳಿ. ಪಕ್ಕದಲ್ಲಿ ಒಂದು ಮುಟ್ಟಿದರೆ ಮುನೀನೂ ಹಾಕು ಕಣೇ. ನಿಂಗೆ ಜೊತೆ ಆಗ್ತದೆ," ಎಂದರು.

ಮುನಿದೆ. ಮುಟ್ಟದೆಯೇ ಮುನಿದೆ!

ಹುಳಿಯಾರಿನಲ್ಲಿ ಮದುವೆ ಮುಗಿಸಿ, ಬೋರನಕಣಿವೆ ಜಲಾಶಯ ನೋಡಿ ಬರುವ ದಾರಿಯಲ್ಲಿ ಒಣಗಿದ ತುಂಬೆಯ ಗಿಡಗಳು ಕಂಡವು. ಕಾರು ನಿಲ್ಲಿಸಿದೆ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಕಟ್ಟಿ ಬದು ಹತ್ತಿದೆ. ಯಜಮಾನರು ಕಾರಿನ ಗ್ಲಾಸು ಏರಿಸಿಕೊಂಡು, ಈ ಹೆಂಗಸು ಯಾರೋ ತಮಗೆ ಗೊತ್ತೇ ಇಲ್ಲ ಎನ್ನುವಂತೆ ಕೂತರು. ಒಣಗಿದ ತೆನೆಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಮೊದಲ ಮಳೆಗೆ ಬೀಜ ಬಿತ್ತಿದೆ. ಎಲ್ಲಿ? ಹೊಸ ಕುಂಡಗಳಲ್ಲಿ! ಕುರಿಗೊಬ್ಬರ, ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಬೆಳಿಗ್ಗೆ ನೀರು, ಸಂಜೆ ನೀರು. ಮಧ್ಯಾಹ್ನ ಬಿಸಿಲು ಬಿದ್ದರೆ ನನ್ನದೇ ಹಳೇ ಸೀರೆಯ ನೆರಳು. ಹೆತ್ತ ಮಗಳಿಗೆ ಮಾಡದ ಬಾಣಂತನ ಮಾಡಿದೆ. ಸಸಿಗಳು ಎದ್ದವು, ನನ್ನನ್ನು ಒಮ್ಮೆ ನೋಡಿದವು, ಕೊಳೆತು ಮಲಗಿದವು.

"ರೀ, ಎಲ್ಲಾ ಸತ್ತೋದ್ವು!"

"ಇನ್ನೇನಾಯ್ತದೆ? ಬದು ಮೇಲೆ ಬರಿಗಾಲಲ್ಲಿ ಬೆಳೆಯೋ ಗಿಡಕ್ಕೆ ಬೂಟು ಹಾಕ್ಸಿದ್ಯಲ್ಲ!"

ಆ ಮಾತು ಕೇಳಿದ್ದೇ ತಡ, ಉಳಿದ ಬೀಜದ ಡಬ್ಬಿಯನ್ನು ಎತ್ತಿ ಹಿತ್ತಲ ಮೂಲೆಗೆ, ತೆಂಗಿನ ಮಟ್ಟೆಯ ರಾಶಿಯ ಕಡೆಗೆ ಬೀಸಿ ಒಗೆದೆ. ನಿಜ ಹೇಳಬೇಕೆಂದರೆ ಗುರಿ ಇದ್ದದ್ದು ಯಜಮಾನರ ಕಡೆಗೆ. ಅವರು ಬಗ್ಗಿದರು.

ಆಮೇಲೆ ಅತ್ತ ತಲೆ ಹಾಕಲಿಲ್ಲ. ನೀರಿಲ್ಲ, ಗೊಬ್ಬರವಿಲ್ಲ, ಬೈಗುಳ ಮಾತ್ರ. ದಸರಾ ಕಳೆದು ಒಂದು ದಿನ ಸೌದೆಗೆಂದು ಹೋಗಿ ನೋಡಿದರೆ, ಅಬ್ಬಾ! ಮಟ್ಟೆ ರಾಶಿಯ ಸುತ್ತ ಮೊಣಕಾಲುದ್ದ ತುಂಬೆ! ಗಂಟುಗಂಟಿಗೂ ಬಿಳಿ ಹೂವು! ನಾನು ಕುಣಿದದ್ದನ್ನು ತೆಂಗಿನ ಮರಗಳು ಮಾತ್ರ ನೋಡಿದವು.

"ನೋಡ್ರೀ ಬನ್ನಿ! ಹಿತ್ಲಿಗೆ ಎಂಥಾ ಕಳೆ ಬಂದದೆ!"

ಯಜಮಾನರು ಬಂದರು, ನೋಡಿದರು, ತಲೆಯಾಡಿಸಿದರು. "ಹೂಂ ಕಣೇ. ಬಂದಿರೋದು ಕಳೇನೇ. ನಾಳೆ ತೆಗೀತೀನಿ ಬುಡು."

ಅವರು ಹಾಗೆನ್ನಲು ಕಾರಣ ಅವರ ಹೊಸ ಕಳೆ ಕತ್ತರಿಸುವ ಮೆಷಿನ್. ಹೆಗಲಿಗೆ ಪಟ್ಟಿ ಹಾಕಿ, ಕಣ್ಣಿಗೆ ಕನ್ನಡಕ ಏರಿಸಿ, ಅದನ್ನು 'ಗರ್‍ರ್' ಎನಿಸಿದರೆಂದರೆ ರಣರಂಗಕ್ಕೆ ಹೊರಟ ದಂಡನಾಯಕನೇ! ಕಳೆ ಮುಗಿದ ಮೇಲೆ ನನ್ನ ಕನಕಾಂಬರ ಹೋಯ್ತು. ದೊಡ್ಡಪತ್ರೆ ಹೋಯ್ತು. ಒಣಗಲು ಹಾಕಿದ್ದ ಲಂಗದ ಅಂಚೂ ಹೋಯ್ತು.

ನಾನು ಸುಮ್ಮನಿರುತ್ತೇನೆಯೇ? ತುಂಬೆಯ ಸುತ್ತ ತೆಂಗಿನ ಗರಿಯ ಬೇಲಿ ಕಟ್ಟಿದೆ. ಹಲಗೆಯ ಮೇಲೆ ಸುಣ್ಣದಲ್ಲಿ ಬರೆದು ನಿಲ್ಲಿಸಿದೆ: 'ಇದು ಕಳೆಯಲ್ಲ. ಮುಟ್ಟಿದವರಿಗೆ ಊಟವಿಲ್ಲ.'

"ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ," ಎಂದರು.

"ಒಳಗಿರೋ ಗಂಡನೂ ಮದ್ದಲ್ಲ!" ಎಂದೆ.

ಕಡೇ ಸೋಮವಾರಕ್ಕೆ ಇನ್ನೆರಡೇ ದಿನ. ಶನಿವಾರ ಬೆಳಿಗ್ಗೆ ಇವರು ಬೇಲಿಯ ಅಂಚಿನ ಹುಲ್ಲು ಹೆರೆಯುವ ನೆಪದಲ್ಲಿ ಮೆಷಿನ್ ಹಿಡಿದು ಹೋದರು. ತುಂಬೆಗೆ ಜೇನುಹುಳ ಮುತ್ತಿರುತ್ತವೆ ಎಂಬುದು ಇವರಿಗೆ ಗೊತ್ತಿರಲಿಲ್ಲ. ಇವರಿಗೆ ಮೆಷಿನ್ ಹುಚ್ಚು ಎಂಬುದು ಹುಳಗಳಿಗೂ ಗೊತ್ತಿರಲಿಲ್ಲ. 'ಗರ್‍ರ್' ಎಂದದ್ದಷ್ಟೇ. ಒಂದು ಹುಳ ನೇರವಾಗಿ ಬಂದು ಮೇಲ್ದುಟಿಗೆ ಮುದ್ರೆ ಒತ್ತಿತು!

ತುಟಿ ಬದನೆಕಾಯಿಯಾಯಿತು. ನಾನು ನಗಬಾರದಿತ್ತು. ನಕ್ಕೆ.

"ನಗ್ತೀಯಾ? ಆ ಮುಮ್ಮೆ ಇರ್ಬೇಕು, ಇಲ್ಲಾ ನಾನಿರ್ಬೇಕು!" ಎಂದು ಗುಡುಗಿದರು. 'ತುಂಬೆ' ಎನ್ನಲು ಆ ತುಟಿಯಲ್ಲಿ ಜಾಗವಿರಲಿಲ್ಲ.

"ಮುಮ್ಮೆ ಇರ್ತದೆ!"

"ಹಂಗಾರೆ ನಾನು ಮಾಯಸಂದ್ರಕ್ಕೆ ನಮ್ಮಕ್ಕನ ಮನೆಗೆ ಹೋಯ್ತೀನಿ! ವಾಪಸ್ ಬಂದ್ ದಿನ ಒಂದು ಎಲೆ ಉಳಿದಿದ್ರೆ ಕೇಳು!"

"ಹೋಗಿ! ಮೆಷಿನ್ನೂ ಹೊತ್ಕೊಂಡು ಹೋಗಿ!"

ಹೋದರು. ಮೆಷಿನ್ ಹೊತ್ತುಕೊಂಡೇ ಹೋದರು! ಭಾನುವಾರವಿಡೀ ನನ್ನ ಮೈ ಕುದಿಯಿತು. ಕೇಳಲು ಯಾರಾದರೂ ಬೇಕಲ್ಲ, ಬಿಳಿಗೆರೆಗೆ ಅಪ್ಪನಿಗೆ ಫೋನು ಮಾಡಿ ಎಲ್ಲವನ್ನೂ ಕಕ್ಕಿದೆ. ಪ್ರತಿಜ್ಞೆ, ಬೇಲಿ, ತುಟಿ, ಮೆಷಿನ್, ಒಂದನ್ನೂ ಬಿಡಲಿಲ್ಲ. ಅಪ್ಪನಿಗೆ ಕಿವಿ ಮಂದ. "ಆಯ್ತು ಬುಡವ್ವ, ಈಶ್ವರ ಅವ್ನೆ," ಎಂದು ಕೂಗಿ ಇಟ್ಟುಬಿಟ್ಟರು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ತಲೆಗೆ ಸ್ನಾನ ಮಾಡಿ, ಮಡಿ ಸೀರೆಯುಟ್ಟು, ಬೆಳ್ಳಿ ಬಟ್ಟಲು ಹಿಡಿದು ಹಿತ್ತಲಿಗೆ ಇಳಿದೆ. ಬೇಲಿ ಓರೆಯಾಗಿತ್ತು. ಒಳಗೆ ಗಿಡಗಳಿದ್ದವು, ಹೂವು ಒಂದೂ ಇರಲಿಲ್ಲ. ಒಂದೇ ಒಂದೂ! ಇಬ್ಬನಿ ಬಿದ್ದ ಮಣ್ಣಿನಲ್ಲಿ ದೊಡ್ಡ ಗಂಡು ಪಾದಗಳ ಗುರುತು.

ಇನ್ಯಾರು? ಅದೇ ಬದನೆಕಾಯಿ ತುಟಿಯ ದಂಡನಾಯಕ! ಮಾಯಸಂದ್ರದಿಂದ ರಾತ್ರೋರಾತ್ರಿ ಬಂದು ಹೂವು ಬಿಡಿಸಲು ಅವರಿಗೇನು ಹುಚ್ಚೇ ಎಂದು ಯೋಚಿಸಬಹುದಿತ್ತು. ಕೋಪಕ್ಕೆ ಯೋಚನೆ ಯಾಕೆ? ಮನೆಗೆ ಬೀಗ ಜಡಿದೆ. ತುರುವೇಕೆರೆ ಬಸ್ಸು ಹತ್ತಿದೆ, ಅಲ್ಲಿಂದ ಮಾಯಸಂದ್ರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಪಕ್ಕದ ಹೆಂಗಸು ನನ್ನ ತುಟಿ ಅಲ್ಲಾಡುವುದು ನೋಡಿ, ಮಂತ್ರ ಹೇಳುತ್ತಿದ್ದೇನೆಂದು ಕೈ ಮುಗಿದಳು.

ಬಸ್ಸು ನಿಂತದ್ದೇ ಹಾಲಿನ ಡೈರಿಯ ಮುಂದೆ. ಕ್ಯಾನು ಹಿಡಿದು ಸಾಲು ನಿಂತ ಅರ್ಧ ಊರಿನ ನಡುವೆ ನಮ್ಮ ಯಜಮಾನರು, ಅಕ್ಕನ ಮನೆಯ ಹಾಲು ಹಿಡಿದು! ತುಟಿಯ ಮೇಲೆ ಹಸಿರು ಲೇಪ!

"ಏನ್ರೀ! ದೇವರ ಹೂವು ಕದಿಯೋಕೆ ನಾಚ್ಕೆ ಆಗ್ಲಿಲ್ವಾ? ಕೊಬ್ಬರಿ ವ್ಯಾಪಾರ ಸಾಲ್ದು ಅಂತ ಕಳ್ಳತನಕ್ಕೂ ಇಳಿದ್ರಾ?"

ಸಾಲು ತಿರುಗಿತು. ಹಾಲು ಅಳೆಯುವವನ ಕೈ ಗಾಳಿಯಲ್ಲೇ ನಿಂತಿತು.

"ಯಾವ್ ಹೂವೇ? ನಾನು ಶನಿವಾರದಿಂದ ಇಲ್ಲೇ ಬಿದ್ದಿದೀನಿ!"

"ಸುಳ್ಳು!"

ಎದುರು ಮನೆಯ ಜಗಲಿಯಿಂದ ಅವರ ಅಕ್ಕ, ನಮ್ಮ ಅತ್ತಿಗೆ, ಓಡಿ ಬಂದರು. "ನಿಜ ಕಣೇ ಸರ್ವಮಂಗಳ. ರಾತ್ರಿ ಎಲ್ಲಾ ನರಳ್ತಿದ್ದ. ನಾನೇ ಎದ್ದೆದ್ದು ತುಟಿಗೆ ಸೊಪ್ಪು ಅರೆದು ಹಚ್ಚಿದೀನಿ."

"ಏನ್ ಸೊಪ್ಪು?"

"ತುಂಬೆ ಸೊಪ್ಪು. ನಮ್ ಬದು ಮೇಲಿಂದು."

ಬಾಯಿ ತೆರೆದೆ. ಅಷ್ಟರಲ್ಲಿ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ಅಪ್ಪ! ಕಿವಿ ಮಂದವಿರುವವರು ಮಾತನಾಡುವ ಹಾಗೆ, ಸ್ಪೀಕರಿನ ಹಂಗಿಲ್ಲದೆ ಡೈರಿಗೆಲ್ಲ ಕೇಳುವಂತೆ ಕೂಗಿದರು.

"ಎಲ್ಲೋದ್ಯವ್ವ? ಬಾಗ್ಲು ಬೀಗ ಹಾಕೈತೆ! ಪ್ರಸಾದ ಹಿಡ್ಕಂಡು ಜಗಲಿ ಮೇಲೆ ಕುಂತಿವ್ನಿ!"

"ಯಾವ ಪ್ರಸಾದ ಅಪ್ಪಾ?"

"ಮೊಬ್ಬಲ್ಲೇ ಗಾಡಿ ಹತ್ಕಂಡು ಬಂದೆ. ನೀನಿನ್ನೂ ಎದ್ದಿರ್ಲಿಲ್ಲ, ಎಬ್ಬಿಸ್ಲಿಲ್ಲ. ನೀನೇ ಹೇಳಿದ್ಯಲ್ಲ ತುಂಬೆ ಅಂತ, ಎಲ್ಲಾ ಬಿಡಿಸ್ಕಂಡು ಈಶ್ವರನ ಗುಡಿಗೆ ಹೋಗಿ ಮೊದಲ್ನೇ ಪೂಜೆಗೇ ಏರಿಸ್ದೆ ಕಣವ್ವ. ನಿನ್ನ ಹೆಸ್ರಲ್ಲೇ ಅರ್ಚನೆ!"

ಅಯ್ಯೋ ಶಿವನೇ! ನನ್ನ ಹೂವು, ನನ್ನ ಹೆಸರು, ನನ್ನ ಪ್ರತಿಜ್ಞೆ, ಎಲ್ಲ ಸಾಂಗವಾಗಿ ನೆರವೇರಿದೆ. ನಾನೊಬ್ಬಳೇ ಅಲ್ಲಿಲ್ಲ!

"ನನ್ನ ಹೆಸ್ರಲ್ಲಿ... ಏನಂತ ಬೇಡ್ಕಂಡ್ರಪ್ಪಾ?" ಎಂದೆ, ಸ್ವರ ಇಳಿಸಿ.

"ಇನ್ನೇನ್ ಬೇಡ್ಲವ್ವ? ನನ್ ಮಗಳ ಕೋಪ ಇಳೀಲಪ್ಪಾ ಶಿವನೇ ಅಂದೆ. ಇಳೀತಾ?"

ಯಜಮಾನರು ಹಾಲಿನ ಕ್ಯಾನು ಕೆಳಗಿಟ್ಟು, ನಿಧಾನವಾಗಿ ನನ್ನ ಕೈಯಿಂದ ಫೋನು ತೆಗೆದುಕೊಂಡು, ಆ ದಪ್ಪ ತುಟಿಯಲ್ಲೇ ಸ್ಪಷ್ಟವಾಗಿ ಹೇಳಿದರು:

"ಇಳೀತು ಮಾವಾ. ಈಗ ತಾನೇ ಮಾಯಸಂದ್ರದಲ್ಲಿ ಬಸ್ಸಿಂದ ಇಳೀತು!"